ನಿದ್ರಾಭೀತಿ

ಮಲಗಿ ಒಂದೆರಡು ಗಂಟೆಯಾಗಿರುತ್ತದೆ ಅಷ್ಟೆ. ನಾಲ್ಕು ವರ್ಷದ ಮಗು ಧಡಕ್ಕನೆ ಎದ್ದು ಕೂತು ಬೊಬ್ಬೆ ಹೊಡೆಯುತ್ತದೆ. ಕಣ್ಣು ತೆರೆದೇ ಇದೆ, ಎದೆ ಡವಡವ ಎನ್ನುತ್ತಿದೆ, ಮೈಯೆಲ್ಲ ಬೆವರು. ಅಮ್ಮ ಎತ್ತಿಕೊಳ್ಳಲು ಹೋದರೆ ಅವಳನ್ನೇ ದೂಡುತ್ತದೆ. ಐದೋ ಹತ್ತೋ ನಿಮಿಷದಲ್ಲಿ ತಾನಾಗಿ ಮಲಗಿಬಿಡುತ್ತದೆ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಇದು ನಿದ್ರಾಭೀತಿ. ಮಕ್ಕಳ ಡಾಕ್ಟರು ನೈಟ್ ಟೆರರ್ ಎನ್ನುವುದೂ ಇದನ್ನೇ.

ಕೆಟ್ಟ ಕನಸು ಬೇರೆ. ಅದು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ, ರೆಮ್ ನಿದ್ರೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಆಡುವ ಹಂತದಲ್ಲಿ, ಬೀಳುವುದು. ಆಗ ಮಗು ಪೂರ್ತಿ ಎಚ್ಚರಾಗಿ ಅಮ್ಮನನ್ನು ಅಪ್ಪಿಕೊಳ್ಳುತ್ತದೆ, ಕಂಡದ್ದನ್ನು ಹೇಳಿಕೊಳ್ಳುತ್ತದೆ; ಮಡಿಲು, ಎರಡು ಮಾತು ಸಿಕ್ಕರೆ ಸಮಾಧಾನ. ನಿದ್ರಾಭೀತಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ, ಗಾಢನಿದ್ರೆಯಿಂದ ಮೆದುಳು ಅರ್ಧಂಬರ್ಧ ಹೊರಬಂದಾಗ. ಕಣ್ಣು ಬಿಟ್ಟಿದ್ದರೂ ಮಗು ನಿದ್ದೆಯಲ್ಲೇ ಇರುತ್ತದೆ. ಹಾಗಾಗಿ ಅಲುಗಾಡಿಸುವುದು, ಮುಖಕ್ಕೆ ನೀರು ಹಾಕುವುದು ಬೇಡ. ಗಲಾಟೆ ಇನ್ನಷ್ಟು ಎಳೆಯುತ್ತದೆ. ಬಿದ್ದು ಪೆಟ್ಟಾಗದಂತೆ ಹತ್ತಿರ ಕೂತಿದ್ದರೆ ಸಾಕು.

ನಮ್ಮ ಉಡುಪಿ ಕಡೆ ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೂ ಆಟ (ಯಕ್ಷಗಾನ), ಭೂತಾರಾಧನೆಯ ಕೋಲ, ನೇಮ. ದೊಂದಿ ಬೆಳಕಿನಲ್ಲಿ ಮಹಿಷಾಸುರ ಸಭೆಯ ನಡುವಿನಿಂದಲೇ ಅಬ್ಬರಿಸಿ ಬರುವುದನ್ನು ಕಂಡ ಮಗು ಮರುದಿನ ರಾತ್ರಿ ಕಿರುಚಿದರೆ, "ವೇಷ ನೋಡಿ ಹೆದರಿದ್ದು" ಎಂದು ಅಜ್ಜಿ ಉಪ್ಪು ಮೆಣಸು ನಿವಾಳಿಸುತ್ತಾರೆ. ಅಜ್ಜಿಯ ಕಾಳಜಿ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ಅನುಮಾನ ವೇಷದ ಮೇಲಲ್ಲ, ಆಟ ನೋಡುತ್ತಾ ಕೆಟ್ಟುಹೋದ ನಿದ್ದೆಯ ಮೇಲೆ. ನಿದ್ದೆಗೆಟ್ಟ ಮರುರಾತ್ರಿ ಗಾಢನಿದ್ರೆ ಹೆಚ್ಚಾಗುತ್ತದೆ, ಅದರ ಜೊತೆಗೆ ಈ ತೊಂದರೆಯೂ. ಜ್ವರ, ಹೊಸ ಜಾಗ, ಮೂತ್ರ ಮಾಡಿಸದೆ ಮಲಗಿಸುವುದು ಕೂಡ ಕಾರಣವಾಗಬಹುದು. ಅಪ್ಪ ಅಮ್ಮನಿಗೆ ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ನಡೆಯುವ ಅಭ್ಯಾಸವಿದ್ದರೆ ಮಕ್ಕಳಿಗೆ ಇದು ಬರುವ ಸಾಧ್ಯತೆ ಹೆಚ್ಚು.

3ರಿಂದ 5 ವರ್ಷದ ಮಕ್ಕಳಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಆಟಕ್ಕೆ ಕರೆದುಕೊಂಡು ಹೋಗುವ ದಿನ ಮಧ್ಯಾಹ್ನ ಚೆನ್ನಾಗಿ ಮಲಗಿಸಿ, ಮರುದಿನ ಬೇಗ ಹಾಸಿಗೆ ಹಾಸಿ. ದಿನಾ ಒಂದೇ ಹೊತ್ತಿಗೆ ಬೊಬ್ಬೆ ಹೊಡೆಯುವ ಮಗುವನ್ನು ಅದಕ್ಕೆ 15-30 ನಿಮಿಷ ಮೊದಲೇ ಮೆಲ್ಲಗೆ ಎಬ್ಬಿಸಿ ಮತ್ತೆ ಮಲಗಿಸುವ ಕ್ರಮವನ್ನು ಕೆಲವು ವಾರ ಮಾಡಿ ನೋಡಬಹುದು. ಮತ್ತೊಂದು ಮಾತು: ಬೆಳಿಗ್ಗೆ ನೆಂಟರ ಎದುರು "ನಿನ್ನೆ ಎಂಥ ಬೊಬ್ಬೆ ಮಾರಾಯ್ರೆ" ಎಂದು ಹೇಳಿ ನಗಬೇಡಿ. ನೆನಪೇ ಇಲ್ಲದ ಮಗುವಿಗೆ ಮಲಗಲು ಹೆದರಿಕೆ ಹುಟ್ಟುವುದು ಆವಾಗ.

ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ಕೈಕಾಲು ಸೆಟೆದುಕೊಳ್ಳುವುದು ಅಥವಾ ಅದುರುವುದು, ಒಂದೇ ರಾತ್ರಿ ಹಲವು ಸಲ ಹೀಗಾಗುವುದು, ಹಗಲಿಡೀ ತೂಕಡಿಕೆ ಕಂಡರೆ ಡಾಕ್ಟರರಿಗೆ ತೋರಿಸಿ. ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಕೊಂಡು ಹೋದರೆ ಇದು ನಿದ್ರಾಭೀತಿಯೋ ಅಪಸ್ಮಾರವೋ (ಫಿಟ್ಸ್) ಎಂದು ಗುರುತಿಸಲು ಅವರಿಗೆ ಸುಲಭ.