‘ಆ್ಯಕ್ಷನ್’ ಹೇಳುವ ಮೊದಲಿನ ಉತ್ತರ ಕೊರಿಯಾ

ಪ್ಯೊಂಗ್ಯಾಂಗ್‌ನ ಒಂದು ಮನೆ. ಮೇಜಿನ ತುಂಬ ಊಟ. ಹುದುಗಿಸಿದ ಕೋಸಿನ ಕಿಮ್ಚಿ ತಿಂದರೆ ಕ್ಯಾನ್ಸರ್ ಬರಲ್ಲ, ಮುಪ್ಪು ಬರಲ್ಲ ಅಂತ ಎಂಟು ವರ್ಷದ ಮಗಳ ಜೊತೆ ಅಪ್ಪನ ಮಾತು. ಅಷ್ಟರಲ್ಲಿ ಸರ್ಕಾರದ ಮನುಷ್ಯನೊಬ್ಬ ಒಳಗೆ ಬಂದು, ಇನ್ನೂ ಖುಷಿಯಾಗಿ ಮಾತಾಡಿ ಎನ್ನುತ್ತಾನೆ. ಮತ್ತೆ ಅದೇ ಊಟ, ಅದೇ ಮಾತು.

ಇದು ರಷ್ಯಾದ ನಿರ್ದೇಶಕ ವಿತಾಲಿ ಮಾನ್ಸ್ಕಿ 2015ರಲ್ಲಿ ಹೊರತಂದ ‘ಅಂಡರ್ ದಿ ಸನ್’ ಸಾಕ್ಷ್ಯಚಿತ್ರದ ದೃಶ್ಯ. ಚಿತ್ರಕಥೆ ಕೊಟ್ಟಿದ್ದೇ ಉತ್ತರ ಕೊರಿಯಾ ಸರ್ಕಾರ. ಪತ್ರಕರ್ತನಾಗಿದ್ದ ಅಪ್ಪ ಚಿತ್ರಕ್ಕಾಗಿ ಬಟ್ಟೆ ಕಾರ್ಖಾನೆಯ ಎಂಜಿನಿಯರ್ ಆದ.

ಸಿನಿಮಾದ ಮೇಲೆ ಅಲ್ಲಿನ ಆಳುವವರ ಕಣ್ಣು ಇವತ್ತಿನದಲ್ಲ. ಕಿಮ್ ಜೊಂಗ್ ಇಲ್ ಅಧಿಕಾರಕ್ಕೆ ಬರುವ ಎಷ್ಟೋ ಮೊದಲು, 1973ರಲ್ಲೇ, ಸಿನಿಮಾ ಹೇಗಿರಬೇಕು ಅಂತ ಅವನ ಹೆಸರಲ್ಲಿ ಪುಸ್ತಕ ಬಂದಿತ್ತು. 1978ರಲ್ಲಿ ದಕ್ಷಿಣ ಕೊರಿಯಾದ ನಟಿ ಚೋಯ್ ಉನ್ ಹೀ, ನಿರ್ದೇಶಕ ಶಿನ್ ಸಾಂಗ್ ಓಕ್ ಇಬ್ಬರನ್ನೂ ಸಿನಿಮಾ ಮಾಡಿಸಲೆಂದು ಉತ್ತರ ಕೊರಿಯಾಕ್ಕೆ ಅಪಹರಿಸಲಾಯಿತು. ಅವರು ತಪ್ಪಿಸಿಕೊಂಡಿದ್ದು 1986ರಲ್ಲಿ.

ಹೊರಗಿನವರಿಗೆ ಬಾಗಿಲು ತೆರೆದಿದ್ದು ಫುಟ್‌ಬಾಲ್. 1966ರ ವಿಶ್ವಕಪ್‌ನಲ್ಲಿ ಇಟಲಿಯನ್ನು ಸೋಲಿಸಿದ ಉತ್ತರ ಕೊರಿಯಾದ ಆಟಗಾರರ ಬಗ್ಗೆ ಚಿತ್ರ ಮಾಡಿದ ಬ್ರಿಟನ್ನಿನ ಡೇನಿಯಲ್ ಗಾರ್ಡನ್‌ಗೆ ಆಮೇಲೆ ಇಬ್ಬರು ಶಾಲಾ ಹುಡುಗಿಯರ ಮನೆಯೊಳಗೇ ಕ್ಯಾಮೆರಾ ಇಡಲು ಸಿಕ್ಕಿತು. ಅಡುಗೆಮನೆಯಲ್ಲಿ ಸರ್ಕಾರದ ರೇಡಿಯೊ. ಸದ್ದು ಕಡಿಮೆ ಮಾಡಬಹುದು, ಆದರೆ ಆರಿಸುವಂತಿಲ್ಲ. ಆ ಒಂದು ರೇಡಿಯೊ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಜಪಾನಿನ ಒಸಾಕಾದಲ್ಲಿ, ಕೊರಿಯನ್ ಕುಟುಂಬದಲ್ಲಿ ಹುಟ್ಟಿದ ನಿರ್ದೇಶಕಿ ಯಾಂಗ್ ಯೊಂಗ್ ಹಿ ದಾರಿ ಬೇರೆ. ಆಕೆಯ ಮೂವರು ಅಣ್ಣಂದಿರನ್ನು ಅಪ್ಪನೇ ಉತ್ತರ ಕೊರಿಯಾಕ್ಕೆ ಕಳಿಸಿದ್ದರು. ಅವರನ್ನು ನೋಡಲು ಹೋದಾಗೆಲ್ಲ ತೆಗೆದ ಮನೆಯ ವಿಡಿಯೊಗಳೇ 2005ರಲ್ಲಿ ಚಿತ್ರವಾದವು. ಅದು ಬಂದ ಮೇಲೆ ಆಕೆಗೆ ಆ ದೇಶದೊಳಗೆ ಕಾಲಿಡಲು ಬಿಡಲಿಲ್ಲ. ಚಿತ್ರ ಮಾಡಿದ್ದಕ್ಕೆ ಅಣ್ಣಂದಿರೇ ದೂರವಾದರು ಅಂದರೆ ಎಂಥ ಸಂಕಟ ಅಲ್ವಾ?

ಮಾನ್ಸ್ಕಿ ತಂಡ ತೆಗೆದಿದ್ದನ್ನೆಲ್ಲ ಅಧಿಕಾರಿಗಳು ನೋಡಿ, ಬೇಡದ್ದನ್ನು ಅಳಿಸುತ್ತಿದ್ದರು. ಆದರೆ ತಂಡ ಟೇಕ್ ಶುರುವಾಗುವ ಮೊದಲೇ ಕ್ಯಾಮೆರಾ ಓಡಿಸಿಡುತ್ತಿತ್ತು, ಕದ್ದು ಇನ್ನೊಂದು ಪ್ರತಿ ಮಾಡಿಕೊಳ್ಳುತ್ತಿತ್ತು. ಹಾಗಾಗಿಯೇ ಖುಷಿಯಾಗಿ ಮಾತಾಡಿ ಎಂದ ಆ ಅಧಿಕಾರಿಯೂ ಚಿತ್ರದಲ್ಲಿ ಉಳಿದ. ವೀರಯೋಧನ ಭಾಷಣ ಕೇಳುತ್ತಾ ತೂಕಡಿಸುವ ಮಗುವೂ ಉಳಿಯಿತು.

ಚಿತ್ರದ ಕೊನೆಯಲ್ಲಿ ಆ ಎಂಟು ವರ್ಷದ ಹುಡುಗಿ ಅಳುತ್ತಾಳೆ. ಏನಾದರೂ ಒಳ್ಳೆಯದನ್ನು ನೆನೆಸಿಕೋ ಅನ್ನುತ್ತಾರೆ. ಅವಳಿಗೆ ಏನೂ ಹೊಳೆಯುವುದಿಲ್ಲ. ಒಂದು ಪದ್ಯವನ್ನಾದರೂ ಹೇಳು ಎಂದಾಗ, ಕಣ್ಣೀರು ಹರಿಯುತ್ತಿದ್ದಂತೆಯೇ ನಾಯಕನಿಗೆ ನಿಷ್ಠೆಯ ಪ್ರಮಾಣವಚನ ಒಪ್ಪಿಸುತ್ತಾಳೆ.