ನ್ಯಾಟ್ ಕಾವಲುಗಾರನಲ್ಲ

ರೂಟರ್‌ನಲ್ಲಿ ನ್ಯಾಟ್ (ಮನೆಯ ಎಲ್ಲ ಸಾಧನಗಳಿಗೂ ಹೊರಗೆ ಒಂದೇ ವಿಳಾಸ ತೋರಿಸುವ ವ್ಯವಸ್ಥೆ) ಇದ್ದರೆ ಫೈರ್‌ವಾಲ್, ಅಂದರೆ ಬೇಡದ ಸಂಚಾರ ತಡೆಯುವ ಕಾವಲು, ಇದ್ದಂತೆಯೇ ಎಂಬ ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. ಅದನ್ನು ಕಿತ್ತುಹಾಕಲೇಬೇಕು. ನ್ಯಾಟ್ ಹುಟ್ಟಿದ್ದು ವಿಳಾಸಗಳ ಬರ ನೀಗಿಸಲು. ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿ ಐಪಿವಿ4ರ 32 ಬಿಟ್‌ಗಳಲ್ಲಿ ಹಿಡಿಸುವುದು ಸುಮಾರು 430 ಕೋಟಿ ವಿಳಾಸ ಮಾತ್ರ. 1994ರ ಆರ್‌ಎಫ್‌ಸಿ 1631 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ನ್ಯಾಟನ್ನು ತಾತ್ಕಾಲಿಕ ಉಪಾಯವಾಗಿ ಮುಂದಿಟ್ಟಿತು. ಇದರಿಂದ ಭದ್ರತೆಯ ದಾರಿಗಳು ಕಡಿಮೆಯಾಗುತ್ತವೆ ಎಂದೂ ಅದೇ ದಾಖಲೆ ಹೇಳಿದೆ.

ನಿಜವಾಗಿ ಕಾಯುವುದು ಸ್ಟೇಟ್ ಟೇಬಲ್, ಅಂದರೆ ನಡೆಯುತ್ತಿರುವ ಸಂಪರ್ಕಗಳ ಪಟ್ಟಿ. ಎಷ್ಟು ಸರಳ, ಎಷ್ಟು ಚೆಂದದ ಕಲ್ಪನೆ! ಒಳಗಿನ ಫೋನು ಹೊರಗಿನ ಸರ್ವರಿಗೆ ಮೊದಲ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸಿದೊಡನೆ ಐದು ಅಂಶ ದಾಖಲಾಗುತ್ತವೆ: ಎರಡೂ ತುದಿಯ ವಿಳಾಸ, ಎರಡೂ ತುದಿಯ ಪೋರ್ಟ್ (ಸಾಧನದೊಳಗಿನ ಸೇವೆಯ ಬಾಗಿಲ ಸಂಖ್ಯೆ), ಪ್ರೋಟೋಕಾಲ್ (ಮಾತುಕತೆಯ ನಿಯಮಾವಳಿ). ಹೊರಗಿನಿಂದ ಬಂದ ಪ್ಯಾಕೆಟ್ ಈ ದಾಖಲೆಗೆ ತಾಳೆಯಾದರೆ ಒಳಗೆ, ಇಲ್ಲವಾದರೆ ಅಲ್ಲೇ ಕಸ. ಹೊರಟವರ ಹೆಸರು ಬರೆದಿಟ್ಟುಕೊಂಡು, ಅವರಿಗೆ ಉತ್ತರ ತಂದವರನ್ನಷ್ಟೇ ಬಿಡುವ ದ್ವಾರಪಾಲಕನ ಹಾಗೆ. ತಾನು ಕೇಳಿದ ಪ್ರಶ್ನೆಯ ಉತ್ತರಕ್ಕಷ್ಟೇ ತೆರೆಯುವ ಕಿವಿಯ ಹಾಗೆ. ಹೆಸರು ಬರೆದಿಟ್ಟ ಈ ಪುಸ್ತಕದ ಶಾಯಿ ಅಳಿಯುವಂಥದ್ದು. ಲಿನಕ್ಸ್‌ನ ಮೂಲ ಹೊಂದಿಕೆಯಲ್ಲಿ ಉತ್ತರ ಬಾರದ ಯುಡಿಪಿ (ಸಂಪರ್ಕ ಕೂಡಿಸದೆ ಕಳಿಸುವ ಪ್ರೋಟೋಕಾಲ್) ನಮೂದಿಗೆ 30 ಸೆಕೆಂಡ್ ಆಯುಸ್ಸು, ಸಂಪರ್ಕ ಕೂಡಿಸಿಯೇ ಕಳಿಸುವ ಟಿಸಿಪಿಯಲ್ಲಿ ಸಂಪರ್ಕ ಕೂಡಿದ ನಮೂದಿಗೆ 5 ದಿನ. ಯುಡಿಪಿ ಬಳಸುವ ವಿಪಿಎನ್ ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ (ನಮೂದು ಅಳಿಯದಂತೆ ಆಗಾಗ ಕಳಿಸುವ ಪ್ಯಾಕೆಟ್) 25 ಸೆಕೆಂಡ್ ಇಡಿ ಎನ್ನುವುದು ಇದಕ್ಕೇ.

ಈ ದ್ವಾರಪಾಲಕ ಸಾಧಾರಣ ರೂಟರ್‌ನಲ್ಲೂ ಇದ್ದಾನೆ. ಆದರೆ ಅವನು ಹೊರಹೋಗುವವರನ್ನು ತಡೆದು ಕೇಳುವುದೇ ಇಲ್ಲ. ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶದ 2016ರ ದಾಳಿಯಲ್ಲಿ ಸೋಂಕು ತಗುಲಿದ ಕ್ಯಾಮೆರಾಗಳು 23 ಮತ್ತು 2323ನೇ ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೆಯ ವಿಧಾನ) ಪೋರ್ಟ್‌ಗಳಲ್ಲಿ ಹೊಸ ಬೇಟೆ ಹುಡುಕಿದ್ದು ಒಳಗಿನಿಂದ ಹೊರಕ್ಕೆ. ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳಲು ಇರುವ ಯುಪಿಎನ್‌ಪಿ ಸೌಲಭ್ಯ ಚಾಲೂ ಇದ್ದರಂತೂ ಒಳಗಿನ ಯಾವುದೇ ಸಾಧನ ಪಾಸ್‌ವರ್ಡ್ ಇಲ್ಲದೆ ಬಾಗಿಲು ತೆರೆಸಿಕೊಳ್ಳಬಹುದು.

ಹಾಗಾಗಿ ನಾಲ್ಕಾರು ಸಾಧನಗಳಷ್ಟೇ ಇದ್ದರೆ ರೂಟರ್ ಸಾಕು. ಯುಪಿಎನ್‌ಪಿ ನಿಲ್ಲಿಸಿ, ಹೊರಗಿನಿಂದ ಅಡ್ಮಿನ್ ಪುಟ ಕಾಣದಂತೆ ಮಾಡಿ, ಹೊಸ ವಿಳಾಸ ಪದ್ಧತಿ ಐಪಿವಿ6ರ ಫಿಲ್ಟರ್ ಚಾಲೂ ಇದೆಯೇ ನೋಡಿ. ಐಪಿವಿ6ರಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದೇ ಇಲ್ಲ. ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ನಿಂತುಹೋದ ರೂಟರನ್ನು ಮಾತ್ರ ಬದಲಿಸಿ.

ಕ್ಯಾಮೆರಾ, ಅತಿಥಿಗಳು, ಕೆಲಸದ ಕಂಪ್ಯೂಟರ್ ಬೇರೆಬೇರೆ ವಿಎಲ್‌ಎಎನ್‌ನಲ್ಲಿ (ಒಂದೇ ಜಾಲದೊಳಗಿನ ಪ್ರತ್ಯೇಕ ವಿಭಾಗದಲ್ಲಿ) ಇರಬೇಕು, ಹೊರಹೋಗುವುದಕ್ಕೂ ನಿಯಮ ಬೇಕು ಎಂದಾದರೆ ಪ್ರತ್ಯೇಕ ಫೈರ್‌ವಾಲ್ ತನ್ನಿ. ಕನಿಷ್ಠ 2 ನೆಟ್‌ವರ್ಕ್ ಪೋರ್ಟ್, 802.1ಕ್ಯೂ (ವಿಎಲ್‌ಎಎನ್ ಗುರುತಿನ ಮಾನದಂಡ) ತಿಳಿದ ಮ್ಯಾನೇಜ್ಡ್ ಸ್ವಿಚ್, ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟ್ ಬೇಕಾಗುತ್ತವೆ. ವೇಗದ ಅಂಕಿ ನೋಡುವಾಗ ಐಪಿಎಸ್ (ದಾಳಿ ಗುರುತಿಸಿ ತಡೆಯುವ) ತಪಾಸಣೆ ಚಾಲೂ ಇದ್ದಾಗಿನದನ್ನೇ ನೋಡಿ. ಅದು ಬಹಳ ಕೆಳಗಿರುತ್ತದೆ. ಹಳೆಯ ರೂಟರನ್ನು ಬ್ರಿಡ್ಜ್ ಮೋಡ್‌ಗೆ (ನ್ಯಾಟ್ ಮಾಡದೆ ಪ್ಯಾಕೆಟ್ ದಾಟಿಸುವ ಸ್ಥಿತಿಗೆ) ಹಾಕಿ, ಇಲ್ಲದಿದ್ದರೆ ನ್ಯಾಟ್ ಎರಡು ಸಲ ಆಗುತ್ತದೆ. ಫೈರ್‌ವಾಲ್‌ನ ಎರಡೂ ಬದಿಗೆ 192.168.1.0/24 ಎಂಬ ಒಂದೇ ವಿಳಾಸಗಳ ಗುಂಪು ಕೊಟ್ಟರೆ ಪ್ಯಾಕೆಟ್‌ಗೆ ದಾರಿಯೇ ತಿಳಿಯದು.

ಹೊರದಾರಿಯನ್ನು ಪೂರ್ತಿ ಮುಚ್ಚಿ, ಬೇಕಾದ್ದನ್ನು ಒಂದೊಂದಾಗಿ ತೆರೆಯುವವರು ಗಡಿಯಾರ ಸರಿಹೊಂದಿಸಲು ಬೇಕಾದ 123ನೇ ಯುಡಿಪಿ ಪೋರ್ಟನ್ನು ಮರೆಯುತ್ತಾರೆ. ಸಾಧನಗಳ ಗಡಿಯಾರ ಮೆಲ್ಲಗೆ ತಪ್ಪುತ್ತದೆ, ಕೊನೆಗೆ ಸರ್ಟಿಫಿಕೇಟ್‌ಗಳು (ಜಾಲತಾಣಗಳ ಗುರುತಿನ ಪತ್ರಗಳು) ಅಮಾನ್ಯವಾದಂತೆ ಕಾಣತೊಡಗಬಹುದು. ತಪ್ಪು ಫೈರ್‌ವಾಲ್‌ನಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.