ಹದಿನಾರಿದ್ದದ್ದು ಇಪ್ಪತ್ತೆರಡಾದಾಗ

ತ್ಯಾಗರಾಜನಗರದಿಂದ ಚಿಕ್ಕಪ್ಪನ ಫೋನು. "ಕಂಪ್ಯೂಟರ್‌ಗೆ ವೈರಸ್ ಬಂದಿದೆ ಕಣೋ. ಫಾರ್ಮ್ಯಾಟ್ ಹೊಡೀಬೇಕಂತೆ."

ಯಾರು ಹೇಳಿದ್ದು ಅಂದೆ. ರಿಪೇರಿ ಹುಡುಗನಂತೆ. ಅವನು ಆನ್ ಮಾಡಿದ, ಹತ್ತು ನಿಮಿಷ ಕಾದ, "ತುಂಬ ಸ್ಲೋ ಇದೆ ಅಂಕಲ್, ವೈರಸ್ಸೇ" ಅಂದ. ಅಷ್ಟೇ ಪರೀಕ್ಷೆ.

ನನಗೆ ಮೈ ಉರಿಯುವುದು ಇಲ್ಲೇ. ಜಾತಕ ಬಿಚ್ಚುವ ಮೊದಲೇ "ಗ್ರಹಚಾರ ಸರಿಯಿಲ್ಲ, ಶಾಂತಿ ಮಾಡಿಸಿ" ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಆಯುಧಪೂಜೆಗೆ ಮಾನಿಟರ್‌ಗೆ ಕುಂಕುಮ ಇಟ್ಟರೆ ನನ್ನದೇನೂ ತಕರಾರಿಲ್ಲ, ಅದು ಹಬ್ಬ. ನೋಡದೆಯೇ ರೋಗಕ್ಕೆ ಹೆಸರಿಡಬೇಡಿ ಅನ್ನುವುದಷ್ಟೇ ನನ್ನ ಮಾತು. ಇದೇ ಊರಿನಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಪವಾಡಕ್ಕೇ ಸಮಿತಿ ಆದ ಮೇಲೆ ವೈರಸ್ಸಿಗೆ ಬೇಡವೇ? ಭಾನುವಾರ ನಾನೊಬ್ಬನೇ ಸಮಿತಿಯಾಗಿ ಹೋದೆ.

ಸ್ಲೋ ಆಗಿದ್ದರ ಕಾರಣ ಬೇಗ ಸಿಕ್ಕಿತು. ಯಾವ ಭಾಗಕ್ಕೆ ಎಷ್ಟು ಕೆಲಸ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಆರಾಮಾಗಿತ್ತು, ಡಿಸ್ಕ್ ಮಾತ್ರ ನೂರಕ್ಕೆ ನೂರು. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಅದು. ಇಂಥ ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಪುಟ್ಟ ಖಾನೆಗಳ, ಸಂಖ್ಯೆ ಜಾಸ್ತಿಯಾಗಿತ್ತು. ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಲು ಹೋಗಿ ಡಿಸ್ಕ್ ಏದುಸಿರು ಬಿಡುತ್ತಿತ್ತು. ಅದು ಮುಪ್ಪು. ಇರುವುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಹೊಡೆದರೆ ಮುಪ್ಪು ಹೋಗುತ್ತಾ?

ಗೆದ್ದೆ ಅಂದುಕೊಂಡು ಕಾಫಿ ಲೋಟ ಎತ್ತಿದೆ. ಚಿಕ್ಕಪ್ಪ ಒಂದು ಪೆನ್‌ಡ್ರೈವ್ ಮುಂದಿಟ್ಟರು. "ಫೋಟೋ ಎಲ್ಲ ಮೊದ್ಲು ಇದಕ್ಕೆ ಹಾಕ್ಬಿಡು. ಇದರಲ್ಲಿ ಫೋಲ್ಡರ್ ಮೇಲೆ ಸಣ್ಣ ಬಾಣದ ಗುರುತು ಬರ್ತಿದೆ, ಅದೇನೂ ತೊಂದ್ರೆ ಇಲ್ಲ. ಒತ್ತಿದ್ರೆ ತೆಗೆಯತ್ತೆ."

ಲೋಟ ಕೆಳಗಿಟ್ಟೆ. ಬಾಣದ ಗುರುತು ಅಂದರೆ ಅದು ಫೋಲ್ಡರ್ ಅಲ್ಲ, ಬೇರೆ ಯಾವುದೋ ಫೈಲಿಗೆ ಕೈತೋರಿಸುವ ಶಾರ್ಟ್‌ಕಟ್. ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಟ್ಟು ಪ್ರಿಂಟ್ ತೆಗೆಸುವವರಿಗೆಲ್ಲ ಒಮ್ಮೆಯಾದರೂ ಗಂಟುಬಿದ್ದಿರುವ ಶಾರ್ಟ್‌ಕಟ್ ವೈರಸ್. ಚಿಕ್ಕಪ್ಪ ದೂರಿದ ನಿಧಾನಕ್ಕೆ ಸೋಂಕು ಕಾರಣವಾಗಿರಲಿಲ್ಲ. ಸೋಂಕಿದ್ದ ಕಡೆ ಅವರಿಗೆ ದೂರೇ ಇರಲಿಲ್ಲ.

ಇದರ ಕೈಚಳಕ ನನಗೆ ಬಹಳ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆನ್‌ಡ್ರೈವ್‌ನಲ್ಲಿ ಮದುವೆ ಮನೆಯ ಮುಯ್ಯಿ ಪುಸ್ತಕದಂಥದ್ದೊಂದು ಪಟ್ಟಿ ಇರುತ್ತದೆ. ಫೈಲುಗಳ ಲೆಕ್ಕ ಇಡುವ ಹಳೆಯ ಫ್ಯಾಟ್ ಪದ್ಧತಿಯಲ್ಲಿ ಒಂದೊಂದು ಫೈಲಿಗೂ 32 ಬೈಟ್‌ಗಳ ಒಂದು ಸಾಲು. ಮೊದಲ 11 ಬೈಟ್ ಹೆಸರಿಗೆ. 12ನೆಯದು ಗುಣಲಕ್ಷಣಕ್ಕೆ. ಆ ಒಂದು ಬೈಟ್‌ನೊಳಗೆ ದರ್ಶಿನಿಯ ಗೋಡೆಯ ಸ್ವಿಚ್ಚುಗಳ ಹಾಗೆ ಸಾಲು ಸ್ವಿಚ್ಚುಗಳು. 'ತಿದ್ದಬೇಡ' ಅನ್ನುವುದಕ್ಕೆ 1, 'ತೋರಿಸಬೇಡ' ಅನ್ನುವುದಕ್ಕೆ 2, 'ಇದು ಸಿಸ್ಟಮ್ ಫೈಲು' ಅನ್ನುವುದಕ್ಕೆ 4, 'ಇದು ಫೋಲ್ಡರ್' ಅನ್ನುವುದಕ್ಕೆ 16. ಮಾಮೂಲಿ ಫೋಲ್ಡರ್‌ನ ಅಂಕಿ 16. ವೈರಸ್ ಮಾಡುವುದು ಇಷ್ಟೇ: ಅದಕ್ಕೆ 2 ಮತ್ತು 4 ಕೂಡಿಸಿ 22 ಮಾಡುತ್ತದೆ. ಫೋಲ್ಡರ್ ಎಲ್ಲೂ ಹೋಗಿರುವುದಿಲ್ಲ, ಒಳಗಿನ ಒಂದು ಫೋಟೋ ಕೂಡ ಅಳಿಸಿರುವುದಿಲ್ಲ. ಊಟಕ್ಕೆ ಕೂತವನನ್ನು ಬಡಿಸುವವನೇ ನೋಡದ ಹಾಗೆ ಮಾಡಿದಂತೆ, ವಿಂಡೋಸ್ ಆ ಸಾಲನ್ನು ದಾಟಿ ಮುಂದೆ ಹೋಗುತ್ತದೆ.

ಬರೀ 2 ಕೂಡಿಸಿದರೆ ಸಾಲದೇ? ಸಾಲದು. ಅಡಗಿದ ಫೈಲು ತೋರಿಸು ಅಂತ ವಿಂಡೋಸ್‌ಗೆ ಹೇಳಿದರೆ ಅದು ಬಯಲಾಗುತ್ತದೆ. 4 ಕೂಡ ಸೇರಿದರೆ ವಿಂಡೋಸ್ ಅದನ್ನು ತನ್ನದೇ ಸ್ವಂತ ಫೈಲು ಅಂದುಕೊಂಡು ಇನ್ನೂ ಒಂದು ಪರದೆ ಎಳೆಯುತ್ತದೆ. ಆ ಪರದೆ ತೆಗೆಯುವ ಆಯ್ಕೆಯೇ ಬೇರೆ. ಹೀಗೆ ಖಾಲಿಯಾದ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಬಂದು ಕೂರುತ್ತದೆ. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ನಿಜವಾದ ಫೋಲ್ಡರನ್ನೂ ತೆಗೆದು ತೋರಿಸುತ್ತದೆ. ಚಿಕ್ಕಪ್ಪನಿಗೆ ಅನುಮಾನ ಬರುವುದಾದರೂ ಎಲ್ಲಿಂದ?

ಸೋಂಕಿದೆಯೇ ಅಂತ ಸೋಂಕು ತಗುಲಿದ ಯಂತ್ರವನ್ನೇ ಕೇಳಿದರೆ ಅದು ನಿಜ ಹೇಳಬೇಕೆಂದೇನಿಲ್ಲ. ಬಿಎಂಟಿಸಿ ಬಸ್ಸಿಗೆ ಹತ್ತುವ ಚೆಕಿಂಗ್‌ನವರು ಕಂಡಕ್ಟರನ್ನು "ಎಲ್ಲರಿಗೂ ಟಿಕೆಟ್ ಕೊಟ್ಟಿದ್ದೀಯಾ" ಅಂತ ಕೇಳಿ ಇಳಿದುಹೋಗುವುದಿಲ್ಲ, ಅಲ್ವಾ? ತಲೆ ಎಣಿಸುತ್ತಾರೆ, ಟಿಕೆಟ್ ಎಣಿಸುತ್ತಾರೆ. ಎರಡು ಲೆಕ್ಕ ತಾಳೆಯಾಗದ ಕಡೆ ಕಳ್ಳ ಇದ್ದಾನೆ.

ಈ ಸುಳ್ಳಿನ ವಿದ್ಯೆ ಹೊಸದೇನಲ್ಲ. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ 'ಬ್ರೇನ್'. 1986, ಲಾಹೋರ್. ಬರೆದವರು ಬಾಸಿತ್ ಮತ್ತು ಅಮ್ಜದ್ ಅಲ್ವಿ ಅನ್ನುವ ಅಣ್ಣತಮ್ಮಂದಿರು. ವೈರಸ್ಸಿನ ಒಳಗೇ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಬರೆದಿದ್ದರು! 25 ವರ್ಷದ ಮೇಲೆ ಫಿನ್‌ಲೆಂಡಿನ ತಜ್ಞನೊಬ್ಬ ಆ ವಿಳಾಸ ಹುಡುಕಿಕೊಂಡು ಹೋದರೆ ಇಬ್ಬರೂ ಅಲ್ಲೇ ಇದ್ದರು. ಇರಲಿ. ಈ ಬ್ರೇನ್, ಆಗಿನ ಕಾಲದ ಫ್ಲಾಪಿ ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ ತಾನು ಕೂತು, ಅಲ್ಲಿದ್ದ ಅಸಲಿಯನ್ನು ಬೇರೆ ಕಡೆ ಬಚ್ಚಿಡುತ್ತಿತ್ತು. ಅದು ಮೆಮೊರಿಯಲ್ಲಿ ಎಚ್ಚರವಾಗಿದ್ದಾಗ ಯಾರಾದರೂ ಮೊದಲ ಸೆಕ್ಟರ್ ತೋರಿಸು ಅಂದರೆ, ಬಚ್ಚಿಟ್ಟ ಅಸಲಿಯನ್ನು ತಂದು ತೋರಿಸುತ್ತಿತ್ತು. ಕಂಪ್ಯೂಟರನ್ನು ಬೇರೆ ಶುದ್ಧ ಫ್ಲಾಪಿಯಿಂದ ಶುರು ಮಾಡಿ ನೋಡಿದರೆ ಮಾತ್ರ ಕಳ್ಳ ಸಿಗುತ್ತಿದ್ದ.

2005ರಲ್ಲಿ ಮಾರ್ಕ್ ರುಸಿನೋವಿಚ್ ಅನ್ನುವ ವಿಂಡೋಸ್ ತಜ್ಞ ಮಾಡಿದ್ದೂ ಎರಡು ಲೆಕ್ಕದ ತಾಳೆಯನ್ನೇ. ವಿಂಡೋಸ್ ಹೇಳುವ ಫೈಲುಗಳ ಪಟ್ಟಿ ಒಂದು, ಡಿಸ್ಕ್‌ನ್ನೇ ನೇರ ಓದಿ ಮಾಡಿದ ಪಟ್ಟಿ ಇನ್ನೊಂದು. ತಾನೇ ಬರೆದ ಈ ಸಾಧನವನ್ನು ಸುಮ್ನೆ ತನ್ನ ಕಂಪ್ಯೂಟರ್ ಮೇಲೆ ಓಡಿಸಿದರೆ ಪಟ್ಟಿಗಳು ತಾಳೆಯಾಗಲಿಲ್ಲ. ದುಡ್ಡು ಕೊಟ್ಟು ತಂದ ಸೋನಿ ಕಂಪನಿಯ ಹಾಡಿನ ಸಿಡಿಯೊಂದರ ತಂತ್ರಾಂಶ ಗುಟ್ಟಾಗಿ ಒಳಗೆ ಸೇರಿಕೊಂಡು ಅಡಗಿತ್ತು.

ಚಿಕ್ಕಪ್ಪನ ಮನೆಯಲ್ಲಿ ನಾನು ಮಾಡಿದ್ದು ಅದರದೇ ಬಡವರ ಆವೃತ್ತಿ. ನನ್ನ ಬಳಿ ವಿಂಡೋಸ್‌ನ ಬದಲು ಬಳಸಬಹುದಾದ ಲಿನಕ್ಸ್ ಇರುವ ಇನ್ನೊಂದು ಪೆನ್‌ಡ್ರೈವ್ ಇತ್ತು. ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿದೆ. ಒಳಗಿನ ವಿಂಡೋಸ್ ಆಗ ಮಲಗಿರುತ್ತದೆ, ಮಲಗಿದವನು ಸುಳ್ಳು ಹೇಳಲಾರ. ಲಿನಕ್ಸ್ ಆ 2, 4ರ ಮಾತಿಗೆ ಕಿವಿಗೊಡುವುದಿಲ್ಲ. ವಿಂಡೋಸ್‌ನಲ್ಲಿ ಮೂರೇ ಶಾರ್ಟ್‌ಕಟ್ ಕಂಡಿದ್ದ ಕಡೆ ಈಗ ಮೂರು ಶಾರ್ಟ್‌ಕಟ್, ಮೂರು ಅಸಲಿ ಫೋಲ್ಡರ್, ಜೊತೆಗೆ ವಿಬಿಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮ್ ಭಾಷೆಯಲ್ಲಿ ಬರೆದ ಪುಟ್ಟದೊಂದು ಫೈಲು, ಅದೇ ವೈರಸ್. ವಿಂಡೋಸ್ ಶುರುವಾದಾಗ ತಾನೇ ಓಡುವವುಗಳನ್ನು ಇಡುವ ಸ್ಟಾರ್ಟ್‌ಅಪ್ ಫೋಲ್ಡರ್‌ನಲ್ಲೂ ಅದೇ ಹೆಸರಿನ ಫೈಲು. ಹೆಸರು ಒಂದೇ ಇದ್ದರೆ ಆಳು ಒಂದೇ ಅನ್ನಲಾಗದು. ಅದಕ್ಕೆ ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕಿ ತೆಗೆಯುವ ಶಾ-256 ಅನ್ನುವ ಬೆರಳಚ್ಚನ್ನು ಎರಡರದ್ದೂ ತೆಗೆದೆ. 64 ಅಕ್ಷರವೂ ಒಂದೇ. ಸಮಿತಿ ವರದಿ ಸಿದ್ಧವಾಯಿತು.

ತಿರುಗುವ ಭಾಗವಿಲ್ಲದ ಹೊಸ ಡಿಸ್ಕ್, ಎಸ್‌ಎಸ್‌ಡಿಯನ್ನು, ಎಸ್.ಪಿ. ರಸ್ತೆಯಿಂದ ತಂದು ಹಾಕಿ ವಿಂಡೋಸ್ ಹೊಸದಾಗಿ ಹಾಕಿದೆ. ಬ್ಯಾಂಕಿನ ಪಾಸ್‌ವರ್ಡನ್ನು ಫೋನಿನಿಂದಲೇ ಬದಲಿಸಿದ್ದಾಯಿತು. "ಕೊನೆಗೆ ಆ ಹುಡುಗ ಹೇಳಿದ್ದೇ ಆಯ್ತಲ್ಲೋ" ಅಂತ ಚಿಕ್ಕಪ್ಪ ನಕ್ಕರು. ಆಯ್ತು, ಒಪ್ಪಿದೆ. ಆದರೆ ಅವನ ದಾರಿ ಹಿಡಿದಿದ್ದರೆ ಅದೇ ಕೆಟ್ಟ ಡಿಸ್ಕ್‌ಗೆ ಫಾರ್ಮ್ಯಾಟ್ ಹೊಡೆದು, ಅದೇ ಪೆನ್‌ಡ್ರೈವ್ ಸಿಕ್ಕಿಸಿ, ಸಂಜೆಯೊಳಗೆ ವೈರಸ್ಸನ್ನು ಮತ್ತೆ ಮನೆತುಂಬಿಸಿಕೊಳ್ಳುತ್ತಿದ್ದೆವು.

ಪೆನ್‌ಡ್ರೈವ್‌ನಲ್ಲಿ ವೈರಸ್ಸನ್ನೂ ಶಾರ್ಟ್‌ಕಟ್‌ಗಳನ್ನೂ ಅಳಿಸಿ, 22ನ್ನು 16 ಮಾಡಿ ಕೊಟ್ಟೆ. ಮಾರನೆಯ ದಿನ ಚಿಕ್ಕಪ್ಪ ಪ್ರಿಂಟ್ ತೆಗೆಸುತ್ತಿದ್ದ ಜೆರಾಕ್ಸ್ ಅಂಗಡಿಗೆ ಹೋಗಿ, ನಿಮ್ಮ ಕಂಪ್ಯೂಟರ್ ಒಮ್ಮೆ ನೋಡಿಸಿಕೊಳ್ಳಿ ಅಂದರಂತೆ. ಅಂಗಡಿಯವನು ತಲೆ ಎತ್ತದೆಯೇ ಹೇಳಿದನಂತೆ: "ಆ ಬಾಣದ ಗುರ್ತಾ ಸಾರ್? ಅದು ಎಲ್ಲರ ಪೆನ್‌ಡ್ರೈವ್‌ನಲ್ಲೂ ಹಂಗೇ ಬರುತ್ತೆ."